ದನ ಕಾಯುವುದು ಸೋತವರ ಕೆಲಸವಲ್ಲ

“ಓದ್ದಿದ್ರೆ ಗಂಟಿ ಮೇಸೂಕೆ ಹೋಯ್ಕ್ ಕಾಣ್!” ಓದದಿದ್ದರೆ ದನ ಮೇಯಿಸಲು ಹೋಗಬೇಕು ನೋಡು ಎಂದರ್ಥ. ಕುಂದಾಪುರ ಸೀಮೆಯಲ್ಲಿ ಶಾಲೆಗೆ ಹೋದವರಲ್ಲಿ ಈ ಬೈಗುಳ ಕೇಳದೆ ದೊಡ್ಡವರಾದವರು ಕಡಿಮೆ. ಅಪ್ಪಯ್ಯ ಹೇಳುತ್ತಾರೆ, ಅಮ್ಮ ಹೇಳುತ್ತಾರೆ, ಮಾಷ್ಟ್ರು ಹೇಳುತ್ತಾರೆ. ಡೈರಿಗೆ ಹಾಲು ಹಾಕಿ ಬಂದ ದುಡ್ಡಿನಲ್ಲೇ ಮಕ್ಕಳ ಫೀಸು ಕಟ್ಟುವ ಮನೆಯಲ್ಲೂ ಇದೇ ಮಾತು. ನಸುಕಿಗೆ ಎದ್ದು ಹಟ್ಟಿ ಗುಡಿಸಿ, ಹಾಲು ಕರೆದು, ಹುಲ್ಲು ಹಾಕಿ ಬಂದ ತಾಯಿಯೇ ಮಗಳಿಗೆ ಹೇಳುತ್ತಾಳೆ: ನೀನು ಇತ್ತ ಬರಬೇಡ, ಓದು.

ತಾಯಿಯ ಕಾಳಜಿ ನಿಜ. ಆದರೆ ಆ ಕಾಳಜಿಯೊಳಗೆ ಬೇರೂರಿರುವ ನಂಬಿಕೆ ಸುಳ್ಳು. ಗದ್ದೆ, ಹಟ್ಟಿಗಳ ಕೆಲಸಕ್ಕೆ ವಿದ್ಯೆ ಬೇಕಿಲ್ಲ, ಅದು ಪರೀಕ್ಷೆಯಲ್ಲಿ ಸೋತವರಿಗೆ ಉಳಿಯುವ ಕೆಲಸ ಎಂಬುದು ಆ ನಂಬಿಕೆಯ ತಿರುಳು. ಅದಕ್ಕೆ ಎರಡು ಉಪನಂಬಿಕೆಗಳು ಅಂಟಿಕೊಂಡಿವೆ. ಕೃಷಿ ಶಿಕ್ಷಣವೆಂದರೆ ಪಿಯುಸಿ ಮುಗಿಸಿ ಸೀಟು ಪಡೆದವರು ದೂರದ ವಿಶ್ವವಿದ್ಯಾಲಯದಲ್ಲಿ ಓದುವ ಪದವಿ. ಹಳ್ಳಿಯ ಹೈಸ್ಕೂಲಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಒಂದು. ಮಕ್ಕಳಿಗೆ ಮಣ್ಣಿನ ಪರಿಚಯ ಬೇಕೆಂದರೆ ವರ್ಷಕ್ಕೊಂದು ದಿನ ಕೆಸರುಗದ್ದೆಗೆ ಇಳಿಸಿದರೆ ಸಾಕು ಎನ್ನುವುದು ಇನ್ನೊಂದು. ಇವಿಷ್ಟನ್ನೂ ನಾನು ವಿರೋಧಿಸುತ್ತೇನೆ. ಹೈಸ್ಕೂಲಿನಲ್ಲಿ ಬೇಸಾಯವೂ ಜಾನುವಾರು ಸಾಕಣೆಯೂ ಅಂಕವಿರುವ, ಪ್ರಯೋಗವಿರುವ, ಎಲ್ಲ ಜಾತಿ ವರ್ಗಗಳ ಮಕ್ಕಳಿಗೂ ತೆರೆದಿರುವ ವಿಷಯವಾಗಬೇಕು ಎಂಬುದು ನನ್ನ ವಾದ.

ಊರೆಲ್ಲ ಒಪ್ಪಿದ್ದು ಸರಿಯೇ ಆಗಿರಬೇಕಿಲ್ಲ ಎಂಬುದಕ್ಕೆ ಕುಂದಾಪುರ ತಾಲೂಕಿನ ಗುಲ್ವಾಡಿಯ ಹೆಸರೇ ಸಾಕ್ಷಿ. ಈ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ. ವಿಧವೆಯಾದ ಎಳೆಯ ಹೆಣ್ಣು ಓದಬಹುದು, ಮರುಮದುವೆಯಾಗಬಹುದು ಎಂದು ಅದು ಹೇಳಿದ್ದು ಸಮಾಜ ಅದನ್ನು ಅಧರ್ಮವೆಂದು ನಂಬಿದ್ದ ಕಾಲದಲ್ಲಿ. ಯಾರು ಏನನ್ನು ಕಲಿಯಬೇಕು ಎಂಬ ಬಗ್ಗೆ ಅಂದು ಬಹುಮತಕ್ಕಿದ್ದ ಖಾತರಿ ಇಂದು ಯಾರಿಗೂ ಇಲ್ಲ. ಹಟ್ಟಿಯ ಕೆಲಸಕ್ಕೆ ವಿದ್ಯೆ ಬೇಡ ಎಂಬ ಇಂದಿನ ಖಾತರಿಯೂ ಅಷ್ಟೇ ಪೊಳ್ಳು.

ಅಂಕಪಟ್ಟಿಯ ಮಾತಿಗೆ ಬಂದರೆ ನಮ್ಮ ಜಿಲ್ಲೆಗೆ ಕೊರತೆಯಿಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಶೇ. 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು ಬಂತು. 2025ರ ದ್ವಿತೀಯ ಪಿಯುಸಿಯಲ್ಲಿ ಶೇ. 93.90 ಪಡೆದು ಮತ್ತೆ ಮೊದಲಾಯಿತು. ಇದು ಹೆಮ್ಮೆಯ ವಿಷಯ. ಶಿಕ್ಷಕರ ಶ್ರಮ, ತಾಯಂದಿರ ತ್ಯಾಗ ಎರಡೂ ಇದರಲ್ಲಿವೆ. ಆದರೆ ಇದೇ ಜಿಲ್ಲೆಯ ಬೈಲುಗಳಲ್ಲಿ ಗದ್ದೆ ಹಡಿಲು ಬಿದ್ದಿದೆ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಕಟ್ಟಿ, ಊರೂರಿನ ಜನರನ್ನು ಸೇರಿಸಿ, ಹಡಿಲು ಭೂಮಿಯಲ್ಲಿ ಬೆಳೆ ತೆಗೆಯುವ ಆಂದೋಲನವನ್ನೇ ನಡೆಸಬೇಕಾಯಿತು. ಓದಿನಲ್ಲಿ ಇಷ್ಟು ಮುಂದಿರುವ ಜಿಲ್ಲೆಯಲ್ಲಿ ಗದ್ದೆ ಮಾಡಿಸಲು ಆಂದೋಲನ ಬೇಕಾಯಿತೆಂದರೆ, ನಾವು ಓದಿಸುತ್ತಿರುವ ಓದಿನಲ್ಲಿ ಏನೋ ಒಂದು ಬಿಟ್ಟುಹೋಗಿದೆ.

ವಾರಾಹಿಯ ಉದಾಹರಣೆ ಇನ್ನೂ ಕಠಿಣ. 1979ರಲ್ಲಿ ಆರಂಭವಾದ ವಾರಾಹಿ ನೀರಾವರಿ ಯೋಜನೆಯ ನೀರು ಕಾಲುವೆಗೆ ಇಳಿಯಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ನೀರಿಗಾಗಿ ಹೋರಾಡಿದವರು ಅರ್ಜಿ ಬರೆದರು, ಧರಣಿ ಕೂತರು, ಮುದುಕರಾದರು. ಅಷ್ಟರಲ್ಲಿ ಅವರ ಮಕ್ಕಳು ಬೆಂಗಳೂರಿನ ಕಚೇರಿಗಳಿಗೆ, ಮುಂಬಯಿಯ ಹೋಟೆಲುಗಳಿಗೆ, ಕೊಲ್ಲಿ ದೇಶಗಳಿಗೆ ಹೋಗಿಯಾಗಿತ್ತು. ಹೋದದ್ದು ತಪ್ಪಲ್ಲ. ಅವರು ಕಳಿಸಿದ ಹಣದಿಂದ ಊರಿನ ಮನೆಗಳಿಗೆ ಹೆಂಚು ಹೋಗಿ ತಾರಸಿ ಬಂತು. ಆದರೆ ಉಳಿಯಲು ಬಯಸಿದವನಿಗೂ ಉಳಿಯುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಿರಲಿಲ್ಲ; ತಪ್ಪಾದದ್ದು ಅದು.

ಹಾಲಿನ ಕಥೆಯೂ ಇದೇ. 1974ರಲ್ಲಿ ಟಿ.ಎ. ಪೈಯವರು ಮಣಿಪಾಲದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಕಟ್ಟಿದಾಗ ಈ ಕರಾವಳಿಯಲ್ಲಿ ಹೈನುಗಾರಿಕೆ ನಡೆಯುತ್ತದೆಯೇ ಎಂದು ಸಂಶಯಪಟ್ಟವರಿದ್ದರು. ಮಳೆ ಹೆಚ್ಚು, ಮೇವು ಕಡಿಮೆ, ಊರ ದನಗಳು ಕೊಡುವ ಹಾಲೂ ಕಡಿಮೆ. ಆದರೂ ಅದು ನಡೆಯಿತು. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟವಾಗಿ ಬೆಳೆಯಿತು. ಊರೂರಿಗೆ ಡೈರಿ ಬಂತು. ಹೆಂಗಸರ ಕೈಗೆ ತಮ್ಮದೇ ಎನ್ನುವ ದುಡ್ಡು ಬಂತು. ಇಂದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಬೇಡಿಕೆಗೆ ಇಲ್ಲಿನ ಹಾಲು ಸಾಲದೆ ಬೇರೆ ಒಕ್ಕೂಟಗಳ ಕಡೆ ನೋಡುವ ಸ್ಥಿತಿ ಬಂದಿದೆ. ಬೆಳಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವವರಲ್ಲಿ ತಲೆ ನರೆತವರೇ ಹೆಚ್ಚು. ಅವರ ನಂತರ ಯಾರು ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರವಿಲ್ಲ, ಶಾಲೆಯಲ್ಲಂತೂ ಆ ಪ್ರಶ್ನೆಯೇ ಇಲ್ಲ.

ಈಗ ಮೂಲ ನಂಬಿಕೆಗೆ ಬರೋಣ. ದನ ಸಾಕಲು ವಿದ್ಯೆ ಬೇಡವೇ? ಹಟ್ಟಿಯಲ್ಲಿ ನಡೆಯುವುದೇನೆಂದು ಒಮ್ಮೆ ನೋಡಿ. ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ ನಿಲ್ಲುವುದು ಒಂದು ದಿನಕ್ಕಿಂತ ಕಡಿಮೆ. ಬೆಳಗ್ಗೆ ಲಕ್ಷಣ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಬೇಕು. ಲಕ್ಷಣ ಕಣ್ಣಿಗೆ ಬೀಳದೆ ಹೋದರೆ ಮತ್ತೆ ಮೂರು ವಾರ ಕಾಯಬೇಕು. ಅಷ್ಟು ದಿನದ ಹಿಂಡಿ, ಹುಲ್ಲು, ದುಡಿಮೆ ಎಲ್ಲವೂ ನಷ್ಟದ ಲೆಕ್ಕಕ್ಕೆ. ಗಬ್ಬ ನಿಂತರೆ ಸುಮಾರು 280 ದಿನ. ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ಬತ್ತಿಸದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಇಳಿಯುತ್ತದೆ.

ಕರು ಹುಟ್ಟಿದ ಮೇಲಿನ ಮೊದಲ ಕೆಲವು ಗಂಟೆಗಳೇ ಒಂದು ಪಾಠ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿಯ ಒಂದು ಪಾಲು ಗರ್ಭದಲ್ಲೇ ಮಗುವಿಗೆ ಸೇರುತ್ತದೆ. ಹಸುವಿನಲ್ಲಿ ಹಾಗಿಲ್ಲ. ಮಾಸಿನ ಮೂಲಕ ಆ ಶಕ್ತಿ ದಾಟುವುದಿಲ್ಲ. ಅದು ಕರುವಿಗೆ ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆಗಂಟೆಗೂ ಕಡಿಮೆಯಾಗುತ್ತ ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಬೇಕು; ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟಾದರೂ ಹೊಟ್ಟೆಗೆ ಹೋಗಬೇಕು. ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದು ಎಂಬ ರೂಢಿ ಇನ್ನೂ ಕೆಲವೆಡೆ ಇದೆ. ಆ ರೂಢಿಗೆ ಕರುಗಳು ಬಲಿಯಾಗುತ್ತವೆ. ಇದನ್ನು ತಿಳಿದ ಒಬ್ಬ ಒಂಬತ್ತನೇ ತರಗತಿಯ ಹುಡುಗಿ ಮನೆಯಲ್ಲಿದ್ದರೆ ಒಂದು ಕರು ಉಳಿಯುತ್ತದೆ. ಇದು ಜೀವಶಾಸ್ತ್ರವಲ್ಲದೆ ಮತ್ತೇನು?

ಡೈರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರ್ ಆರ್ಕಿಮಿಡೀಸನ ತತ್ವದ ಮೇಲೆ ನಿಂತ ಉಪಕರಣ. ಅದೇ ತತ್ವವನ್ನು ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಓದಿ, ವ್ಯಾಖ್ಯೆ ಬರೆದು, ಅಂಕ ಪಡೆಯುತ್ತಾರೆ. ಶಾಲೆಯ ಹತ್ತಿರವೇ ಇರುವ ಡೈರಿಯಲ್ಲಿ ಅದು ದಿನಕ್ಕೆರಡು ಬಾರಿ ಕೆಲಸ ಮಾಡುವುದನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ಆನುವಂಶಿಕತೆಯ ಪಾಠದಲ್ಲಿ ಮೆಂಡೆಲನ ಬಟಾಣಿ ಗಿಡ ಇದೆ. ಹಟ್ಟಿಯಲ್ಲಿರುವ ಜರ್ಸಿ ಮಿಶ್ರತಳಿಯ ಕರು ತಾಯಿಯಿಂದ ಏನು ಪಡೆಯಿತು, ಹೋರಿಯಿಂದ ಏನು ಪಡೆಯಿತು ಎಂಬ ಪ್ರಶ್ನೆ ಇಲ್ಲ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಆಹಾರ ಸಂಪನ್ಮೂಲಗಳ ಸುಧಾರಣೆ’ ಎಂಬ ಅಧ್ಯಾಯವೇ ಇದೆ. ಜಾನುವಾರು, ಕೋಳಿ, ಮೀನು, ಬೆಳೆ, ಗೊಬ್ಬರ ಎಲ್ಲವೂ ಅದರಲ್ಲಿವೆ. ಅದನ್ನು ಓದಿ ಹಸುವಿನ ಲ್ಯಾಟಿನ್ ಹೆಸರನ್ನು ತಪ್ಪಿಲ್ಲದೆ ಬರೆಯುವ ಮಗುವಿಗೆ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದಿದೆಯೇ ಎಂದು ನೋಡಲು ಬರುವುದಿಲ್ಲ. ಪಠ್ಯ ಇದೆ, ಹಸು ಇದೆ. ಎರಡನ್ನೂ ಸೇರಿಸಲು ಶಾಲೆ ಒಪ್ಪುತ್ತಿಲ್ಲ.

2013ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲು ಕೊಡುತ್ತಿದ್ದೇವೆ. ಅದು ಒಳ್ಳೆಯ ಕೆಲಸ. ಆದರೆ ಶಾಲೆ ಮಗುವಿಗೆ ಹಾಲು ಕುಡಿಯುವುದನ್ನು ಮಾತ್ರ ಕಲಿಸಿತು. ಆ ಲೋಟದ ಹಿಂದೆ ಎಷ್ಟು ಕೆಲಸ, ಎಷ್ಟು ಖರ್ಚು, ಎಷ್ಟು ತಿಳಿವಳಿಕೆ ಇದೆಯೆಂದು ಕಲಿಸಲಿಲ್ಲ.

ಎರಡನೆಯ ನಂಬಿಕೆ, ಕೃಷಿ ಶಿಕ್ಷಣ ವಿಶ್ವವಿದ್ಯಾಲಯದ ವ್ಯವಹಾರ ಎಂಬುದು. ಕರ್ನಾಟಕದಲ್ಲಿ ಆ ವ್ಯವಸ್ಥೆ ದೊಡ್ಡದಾಗಿಯೇ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದ್ದು. ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಮತ್ತೆ ಮೂರು; ಪಶುವೈದ್ಯಕ್ಕೆ ಬೀದರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ. ನಮ್ಮದೇ ಬ್ರಹ್ಮಾವರದಲ್ಲಿ ಶಿವಮೊಗ್ಗ ವಿಶ್ವವಿದ್ಯಾಲಯದ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಸಹ್ಯಾದ್ರಿ ಕೆಂಪುಮುಕ್ತಿಯಂಥ ಭತ್ತದ ತಳಿ ಬಂದದ್ದು ಅಲ್ಲಿಂದಲೇ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ದಾಖಲೆಯೇ ಒಪ್ಪಿಕೊಂಡಂತೆ, ದೇಶದ ವಿಶ್ವವಿದ್ಯಾಲಯಗಳಲ್ಲಿ ಸುಮಾರು ಶೇ. 9 ಕೃಷಿಯವಾದರೂ ಉನ್ನತ ಶಿಕ್ಷಣ ಪಡೆಯುವವರಲ್ಲಿ ಕೃಷಿ ಮತ್ತು ಅದಕ್ಕೆ ಸಂಬಂಧಿಸಿದ ವಿಜ್ಞಾನ ಓದುವವರು ಶೇ. 1ಕ್ಕಿಂತ ಕಡಿಮೆ. ನೀತಿಯನ್ನು ಒಪ್ಪಲಿ ಬಿಡಲಿ, ಅಂಕಿಯನ್ನು ಅಲ್ಲಗಳೆಯಲಾಗದು. ಈ ಸಣ್ಣ ಪಾಲಿನವರಲ್ಲೂ ಹೆಚ್ಚಿನವರು ಅಧಿಕಾರಿಗಳಾಗುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಗೊಬ್ಬರ ಮತ್ತು ಔಷಧಿ ಕಂಪೆನಿಗಳಿಗೆ ಹೋಗುತ್ತಾರೆ. ಅದೂ ಬೇಕಾದ ಕೆಲಸವೇ. ಆದರೆ ಗದ್ದೆಗೆ ಹತ್ತಿರವಿರುವ ಹದಿನಾಲ್ಕರ ಹರೆಯದ ಮಗುವಿಗೆ ಏನೂ ಕಲಿಸದೆ, ಗದ್ದೆಯಿಂದ ದೂರ ಹೋಗಲು ಸಿದ್ಧನಾದ ಹದಿನೆಂಟರ ಯುವಕನಿಗೆ ಎಲ್ಲವನ್ನೂ ಕಲಿಸುವ ವ್ಯವಸ್ಥೆಯಿಂದ ಬೈಲಿಗೆ ಬೆಳಕು ಬರುವುದಿಲ್ಲ.

ಈ ತಲೆಕೆಳಗು ವ್ಯವಸ್ಥೆಗೆ ದೊಡ್ಡ ಸಾಕ್ಷಿ ರೈತರ ಮಕ್ಕಳ ಕೋಟಾ. ಕೃಷಿ ಪದವಿಯ ಸೀಟುಗಳಲ್ಲಿ ರೈತರ ಮಕ್ಕಳ ಪಾಲನ್ನು 2021ರಲ್ಲಿ ಶೇ. 40ರಿಂದ 50ಕ್ಕೆ ಏರಿಸಲಾಯಿತು. ನ್ಯಾಯವಾದ ಕ್ರಮ. ಈ ಕೋಟಾಕ್ಕೆ ಬೀಜ, ಬೆಳೆ, ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇದೆ. ಆ ಪರೀಕ್ಷೆಗೂ ಪಟ್ಟಣಗಳಲ್ಲಿ ತರಬೇತಿ ತರಗತಿಗಳು ನಡೆಯುತ್ತವೆ. ರೈತರ ಮಕ್ಕಳು ಹಣ ಕಟ್ಟಿ, ಡಬ್ಬಿಯಲ್ಲಿಟ್ಟ ಬೀಜಗಳನ್ನು ನೋಡಿ ಹೆಸರು ಕಲಿಯುತ್ತಾರೆ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ ರೈತನ ಮಗಳು ಬೀಜ ಗುರುತಿಸಲು ಪೇಟೆಯ ಕೋಚಿಂಗಿಗೆ ಹೋಗಬೇಕಾದರೆ ಆ ಹತ್ತು ವರ್ಷ ಶಾಲೆ ಅವಳಿಂದ ಏನನ್ನು ದೂರವಿಟ್ಟಿತು ಎಂದು ಕೇಳಲೇಬೇಕು.

ಶಾಲೆ ಬಿಟ್ಟ ಮೇಲೆ ತರಬೇತಿ ಕೊಡುವ ಒಳ್ಳೆಯ ಸಂಸ್ಥೆಗಳು ನಮ್ಮಲ್ಲಿವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು. ಬ್ರಹ್ಮಾವರದಲ್ಲೂ ಅದರ ಶಾಖೆಯಿದೆ. ಆದರೆ ಅಲ್ಲಿಗೆ ಸೇರಲು ಹದಿನೆಂಟು ತುಂಬಿರಬೇಕು. ಹಟ್ಟಿ ಎಂದರೆ ಸೋಲು ಎಂದು ಹದಿನೆಂಟು ವರ್ಷ ಕೇಳಿ ಬೆಳೆದವನ ಮನಸ್ಸನ್ನು ಕೆಲವು ವಾರಗಳ ತರಬೇತಿ ತಿರುಗಿಸಲಾರದು.

ಇನ್ನು ಕೆಸರುಗದ್ದೆಯ ಒಂದು ದಿನ. ಆಷಾಢ, ಶ್ರಾವಣ ಬಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಶಾಲೆ ಕಾಲೇಜಿನ ಮಕ್ಕಳನ್ನು ಗದ್ದೆಗೆ ಇಳಿಸುತ್ತಾರೆ. ಹಗ್ಗಜಗ್ಗಾಟ, ಓಟ, ನಾಟಿ, ಊಟ, ಫೋಟೊ. ಮರುದಿನ ಪತ್ರಿಕೆಯಲ್ಲಿ ‘ಮಕ್ಕಳಿಂದ ಕೃಷಿ ಪಾಠ’ ಎಂದು ಸುದ್ದಿ. ಆಟವಾಗಿ ಅದು ಇರಲಿ. ಊರು ಒಟ್ಟಾಗಿ ನಲಿಯುವ ದಿನಗಳು ಬೇಕು. ಅದನ್ನು ಪಾಠವೆಂದು ಕರೆಯುವುದನ್ನು ಮಾತ್ರ ಒಪ್ಪಲಾರೆ. ನೆಟ್ಟ ಸಸಿಗೆ ಮೂರನೇ ವಾರದಲ್ಲಿ ಏನಾಯಿತು, ಎಂಒ-4 ಭತ್ತವನ್ನೇ ಈ ಬೈಲಿನವರು ಯಾಕೆ ಹಿಡಿದುಕೊಂಡಿದ್ದಾರೆ, ನೆರೆ ನಿಂತರೆ ಯಾವ ತಳಿ ತಡೆಯುತ್ತದೆ, ಹಟ್ಟಿಗೊಬ್ಬರ ಎಷ್ಟು ಹಾಕಿದರು, ಕೊಯ್ಲಿನಲ್ಲಿ ಎಷ್ಟು ಮುಡಿ ಬಂತು, ಯಂತ್ರದ ಬಾಡಿಗೆ ಕಳೆದು ಎಷ್ಟು ಉಳಿಯಿತು, ಬೈಹುಲ್ಲು ಯಾರ ಹಟ್ಟಿಗೆ ಹೋಯಿತು: ಇದು ಪಾಠ. ಇದಕ್ಕೆ ಒಂದು ದಿನ ಸಾಲದು, ಒಂದು ಬೆಳೆಯಾದರೂ ಬೇಕು. ಕೆಸರಾಟವನ್ನೇ ಶಿಕ್ಷಣವೆಂದು ತೋರಿಸುವುದರಿಂದ ಮಗು ಕಲಿಯುವುದು ಒಂದೇ: ಬೇಸಾಯ ವರ್ಷಕ್ಕೊಮ್ಮೆ ನೋಡಿ ಬರುವ ವಸ್ತು, ಬದುಕುವ ದಾರಿಯಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಅದನ್ನು ಎತ್ತುವವರು ಹಗುರವಾಗಿ ಮಾತಾಡುವವರಲ್ಲ. ಹಳ್ಳಿಯ ಮಕ್ಕಳಿಗೆ ಹಟ್ಟಿಯ ಕೆಲಸ ಕಲಿಸಬೇಕೆನ್ನುವುದು ಬಡವರ, ದಲಿತರ, ಗೇಣಿದಾರರ ಮಕ್ಕಳನ್ನು ಮತ್ತೆ ಜಾತಿಯ ಕಸುಬಿಗೇ ಕಟ್ಟಿಹಾಕುವ ಉಪಾಯವಲ್ಲವೇ ಎಂಬುದು ಆ ಆಕ್ಷೇಪ. ಇದಕ್ಕೆ ಚರಿತ್ರೆಯ ಆಧಾರವೂ ಇದೆ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಪದ್ಧತಿ ತಂದರು. ದಿನಕ್ಕೆ ಮೂರು ಗಂಟೆ ಪಾಠ. ಉಳಿದ ಹೊತ್ತು ಮಗು ಅಪ್ಪನ ಕಸುಬನ್ನು ಕಲಿಯಬೇಕು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಅದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಆ ಪದ್ಧತಿಯನ್ನು ಕೈಬಿಟ್ಟರು. 1956ರವರೆಗೆ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲೇ ಇತ್ತು. ಕುಂದಾಪುರ ತಾಲೂಕೂ ಅದರೊಳಗೇ. ಆದ್ದರಿಂದ ಇದು ನಮ್ಮದೇ ಚರಿತ್ರೆ. ಅಂದು ವಿರೋಧಿಸಿದವರು ಸರಿಯಾಗಿಯೇ ವಿರೋಧಿಸಿದರು.

ನಾನು ಕೇಳುತ್ತಿರುವುದು ಅದರ ತದ್ವಿರುದ್ಧವನ್ನು. ಅಪ್ಪನ ಕಸುಬು ಮಗನಿಗೆ ಎಂಬುದಲ್ಲ. ಯಾರ ಕಸುಬಿನ ವಿದ್ಯೆಯೂ ಯಾರಿಗಾದರೂ ಎಂಬುದು. ಪಾಠದ ಹೊತ್ತು ಕಡಿಮೆ ಮಾಡುವುದಲ್ಲ. ಹಟ್ಟಿಯನ್ನು ಪಾಠದೊಳಗೆ ತರುವುದು. ಡಾಕ್ಟರ ಮಗಳು, ಅಂಗಡಿಯವರ ಮಗ, ಗೇಣಿ ಮಾಡಿದವರ ಮೊಮ್ಮಗ, ಭೂಮಿಯೇ ಇಲ್ಲದ ಮನೆಯ ಹುಡುಗಿ, ಎಲ್ಲರೂ ಒಂದೇ ಕರುವಿನ ಸೆಗಣಿ ಬಾಚಬೇಕು, ಸರದಿಯ ಪ್ರಕಾರ. ಮಾಷ್ಟ್ರೂ ಬಾಚಬೇಕು. ಸೆಗಣಿ ಎತ್ತುವ ಕೆಲಸ ಯಾವ ಜಾತಿಯದು ಎಂಬ ಪ್ರಶ್ನೆಯನ್ನು ಮುಗಿಸಲು ಇದಕ್ಕಿಂತ ನೇರವಾದ ದಾರಿ ಶಾಲೆಗೆ ಇಲ್ಲ.

ಇನ್ನೊಂದು ಮಾತೂ ಇದೆ. ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಸಂಕಟ ಬೇಸಾಯ ಮಾಡಬೇಕಾಗಿ ಬಂದದ್ದಲ್ಲ. ಎತ್ತುಗಳಿದ್ದರೂ ಹುಟ್ಟಿದ ಜಾತಿಯ ಕಾರಣಕ್ಕೆ ಬೇಸಾಯ ಮಾಡಲು ಬಿಡದೆ ಹೋದದ್ದು. ಭೂಮಿ ಬೇಕು ಎಂಬುದು ಈ ಕರಾವಳಿಯ ಬಡವರ ಬೇಡಿಕೆಯಾಗಿತ್ತು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ, ನ್ಯಾಯಮಂಡಳಿಯ ಮುಂದೆ ನಿಂತು, ಧಣಿಗಳ ಸಿಟ್ಟನ್ನು ಎದುರಿಸಿ ಗೇಣಿದಾರರು ಗದ್ದೆಯ ಒಡೆಯರಾದರು. ಅಷ್ಟು ಕಷ್ಟದಿಂದ ಬಂದ ಭೂಮಿಯನ್ನು ಮೊಮ್ಮಕ್ಕಳು ಹಡಿಲು ಬಿಟ್ಟರೆ ಗೆಲುವು ಯಾರದ್ದು? 2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಗೇಯುವುದು ಗೊತ್ತಿಲ್ಲದ ಮಗು ನಾಳೆ ಭೂಮಿಯನ್ನು ಮಾರುತ್ತದೆ, ಕೊಳ್ಳುವವನು ದೊಡ್ಡ ಹಣದವನು. ಬಡವರ ಮಕ್ಕಳಿಗೆ ಬೇಸಾಯ ಕಲಿಸಬಾರದು ಎನ್ನುವ ಪ್ರಗತಿಪರ ಮಾತು ಕೊನೆಗೆ ಬಡವರ ಭೂಮಿಯನ್ನು ಉಳ್ಳವರ ಕೈಗೆ ದಾಟಿಸುತ್ತದೆ. ಆ ಮಾತನ್ನಾಡುವವರು ಇದನ್ನು ಯೋಚಿಸಬೇಕು.

ಲಾಭವಿಲ್ಲದ ಕಸುಬನ್ನು ಮಕ್ಕಳಿಗೆ ಯಾಕೆ ಕಲಿಸಬೇಕು ಎಂಬುದು ಇನ್ನೊಂದು ಆಕ್ಷೇಪ. ಹಿಂಡಿಯ ಬೆಲೆ ಏರಿದೆ, ಕೂಲಿ ಸಿಗುವುದಿಲ್ಲ, ಒಂದೆರಡು ಹಸು ಕಟ್ಟಿದವನಿಗೆ ಉಳಿಯುವುದು ಕಡಿಮೆ, ಗಂಡು ಕರು ಹುಟ್ಟಿದರೆ ಸಾಕುವ ಖರ್ಚು ಮೈಮೇಲೆ. ಎಲ್ಲವೂ ನಿಜ. ಹಟ್ಟಿ ಕಟ್ಟಿದರೆ ಶ್ರೀಮಂತರಾಗುತ್ತೀರಿ ಎಂದು ಮಕ್ಕಳಿಗೆ ಸುಳ್ಳು ಹೇಳಬಾರದು. ಆದರೆ ಲಾಭ ಕಡಿಮೆಯಾಗಿರುವುದಕ್ಕೆ ತಿಳಿವಳಿಕೆಯ ಕೊರತೆಯೂ ಒಂದು ಕಾರಣ. ತಪ್ಪಿದ ಬೆದೆ, ತಡವಾಗಿ ಗೊತ್ತಾದ ಕೆಚ್ಚಲು ಬಾವು, ಹುಳದ ಔಷಧಿ ಕೊಡದ ಕರು, ಲೆಕ್ಕ ಬರೆಯದ ಮನೆ, ಇವೆಲ್ಲ ಹಣ ಸೋರುವ ದಾರಿಗಳು. ಹೆಣ್ಣು ಕರುವೇ ಹುಟ್ಟುವ ಸಂಭವ ಹೆಚ್ಚಿಸುವ ಲಿಂಗ ವಿಂಗಡಿತ ವೀರ್ಯ ಇಂದು ಲಭ್ಯವಿದೆ. ಜಾನುವಾರು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲ ಸಿಗುತ್ತದೆ. ಮಲೆನಾಡು ಗಿಡ್ಡವನ್ನು 2012ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ಗುರುತಿಸಿದ್ದಾರೆ. ಹಾಲು ಕಡಿಮೆಯಾದರೂ ನಮ್ಮ ಮಳೆಗೆ ಒಗ್ಗಿದ, ಸ್ವಲ್ಪ ಮೇವಿನಲ್ಲಿ ಬದುಕುವ ದನ ಅದು. ಯಾವ ಮನೆಗೆ ಯಾವ ದನ ಸರಿ ಎಂದು ಲೆಕ್ಕ ಹಾಕಿ ನಿರ್ಧರಿಸುವುದೇ ವಿದ್ಯೆ. ಲೆಕ್ಕ ಹಾಕಿ ನೋಡಿ ‘ನಮಗಿದು ಬೇಡ’ ಎಂದು ಬಿಡುವ ಮಗುವನ್ನೂ ನಾನು ಗೌರವಿಸುತ್ತೇನೆ. ತಿಳಿಯದೆ ಕೀಳೆಂದು ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ.

ಬಾಲಕಾರ್ಮಿಕ ಪದ್ಧತಿಯಾಗುತ್ತದೆ, ಅಂಕ ಕಡಿಮೆಯಾಗುತ್ತದೆ ಎನ್ನುವ ಭಯಕ್ಕೂ ಉತ್ತರವಿದೆ. ಮಗುವಿನ ದುಡಿಮೆಯಿಂದ ಬೇರೆಯವರು ಲಾಭ ಪಡೆಯುವುದು ಬಾಲಕಾರ್ಮಿಕತೆ. ಮಗು ತನ್ನ ಹೆಸರಿನ ಕರುವನ್ನು ಮಿತವಾದ ಹೊತ್ತಿನಲ್ಲಿ, ಶಿಕ್ಷಕರ ಕಣ್ಣೆದುರು, ಬರೆದಿಟ್ಟುಕೊಂಡು ಸಾಕುವುದು ಕಲಿಕೆ. ಎರಡರ ನಡುವಿನ ಗೆರೆಯನ್ನು ನಿಯಮದಲ್ಲೇ ಬರೆಯಬೇಕು: ಪಾಠದ ಹೊತ್ತಿನಲ್ಲಿ ಬೇರೆ ದುಡಿಮೆಯಿಲ್ಲ, ಕೀಟನಾಶಕ ಮುಟ್ಟಿಸುವಂತಿಲ್ಲ, ಯಂತ್ರ ಓಡಿಸುವಂತಿಲ್ಲ, ಯಾರದ್ದೋ ಖಾಸಗಿ ಕೆಲಸಕ್ಕೆ ಮಕ್ಕಳನ್ನು ಬಳಸುವಂತಿಲ್ಲ.

ಇದು ಎಲ್ಲಿಯೂ ಆಗದ ಕನಸಲ್ಲ. ಅಮೆರಿಕದ ಓಹಿಯೊದಲ್ಲಿ 1902ರಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಮಕ್ಕಳ ಕೃಷಿ ಕ್ಲಬ್ ಆರಂಭಿಸಿದ. ಅದೇ ಮುಂದೆ 4-ಎಚ್ ಎಂಬ ಸಂಘಟನೆಯಾಗಿ ಬೆಳೆಯಿತು. 1914ರ ಕಾಯ್ದೆಯೊಂದು ಅದನ್ನು ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಗೆ ಜೋಡಿಸಿತು. ಅಲ್ಲಿ ಮಗು ಒಂದು ಕರು, ಹಂದಿ ಅಥವಾ ಕುರಿಯನ್ನು ತಾನೇ ಸಾಕುತ್ತದೆ, ಖರ್ಚು ವೆಚ್ಚ ತಾನೇ ಬರೆಯುತ್ತದೆ, ಜಾತ್ರೆಯಲ್ಲಿ ಪ್ರದರ್ಶಿಸುತ್ತದೆ, ಅನೇಕ ಸಲ ಹರಾಜಿಗೆ ಇಡುತ್ತದೆ. ಆ ಪ್ರದರ್ಶನ, ಆ ಹರಾಜು ನಮಗೆ ಬೇಕಿಲ್ಲ. ಕಲಿಯಬೇಕಾದದ್ದು ಎರಡು: ಪ್ರಾಣಿ ಮಗುವಿನ ಹೆಸರಿನಲ್ಲಿರುವುದು, ಲೆಕ್ಕದ ಪುಸ್ತಕ ಮಗುವಿನ ಕೈಯಲ್ಲಿರುವುದು.

ಇದನ್ನು ಗುಲ್ವಾಡಿಯಂಥ ಊರಿನಲ್ಲಿ ಮಾಡುವ ಬಗೆ ಹೀಗೆ. ಎಂಟರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆರಡು ಅವಧಿ ಬೇಸಾಯ ಮತ್ತು ಜಾನುವಾರು ಪಾಠ, ಆಂತರಿಕ ಅಂಕದೊಂದಿಗೆ. ಬೆಳಗಿನ ಹಾಲು ಮುಗಿದ ಮೇಲೆ ಖಾಲಿ ಬೀಳುವ ಡೈರಿಯ ಕಟ್ಟಡವೇ ಪ್ರಯೋಗಶಾಲೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಶಿಕ್ಷಕರಿಗೆ ರಜೆಯಲ್ಲಿ ತರಬೇತಿ ಕೊಡಲಿ. ನಿವೃತ್ತ ಪಶುವೈದ್ಯರು, ಡೈರಿಯ ಕಾರ್ಯದರ್ಶಿಗಳು, ನಲವತ್ತು ವರ್ಷ ಹಟ್ಟಿ ನಡೆಸಿದ ಹೆಂಗಸರು ಅತಿಥಿ ಶಿಕ್ಷಕರಾಗಲಿ, ಗೌರವಧನದೊಂದಿಗೆ. ಬಯಸಿದ ಮಗುವಿಗೆ ಒಂದು ಕರು. ಜಾಗವಿಲ್ಲದ ಮನೆಯ ಮಗುವಿಗೆ ಆಡು ಅಥವಾ ಊರ ಕೋಳಿ. ಅದಕ್ಕೆ ಹಾಲು ಸಂಘದ ಬಡ್ಡಿಯಿಲ್ಲದ ಸಣ್ಣ ಸಾಲ. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಕಂಡುಹಿಡಿದ ಸೀಮೆ ಇದು. ಮಗುವಿನ ಹೆಸರಿನಲ್ಲಿ ಒಂದು ಖಾತೆ ತೆರೆದು ಆ ಸಾಲವನ್ನು ತೀರಿಸುವ ದಾರಿಯನ್ನು ನಮ್ಮ ಸಹಕಾರಿ ಸಂಘಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳ ಕರುವಿನ ಪಾಸ್‌ಬುಕ್ ಹೆಣ್ಣುಮಕ್ಕಳ ಹೆಸರಿನಲ್ಲೇ ಇರಬೇಕು. ಹಟ್ಟಿಯ ಕೆಲಸ ಹೆಂಗಸರದ್ದು, ಪಾಸ್‌ಬುಕ್ ಗಂಡಸರದ್ದು ಎಂಬ ರೂಢಿ ಅಲ್ಲಿಂದಲೇ ಮುರಿಯಬೇಕು. ವರ್ಷದ ಕೊನೆಗೆ ಬಹುಮಾನ ಅತಿ ದೊಡ್ಡ ಕರುವಿಗಲ್ಲ, ಅತಿ ಪ್ರಾಮಾಣಿಕವಾದ ಲೆಕ್ಕದ ಪುಸ್ತಕಕ್ಕೆ. ನಷ್ಟ ಬರೆದಿದ್ದರೂ ಸರಿ.

ಸರ್ಕಾರ ಮಾಡಬೇಕಾದ ಕೆಲಸ ಒಂದಿದೆ. ಕೃಷಿ ಮತ್ತು ಪಶುವೈದ್ಯ ಕೋರ್ಸುಗಳ ರೈತ ಕೋಟಾಕ್ಕೆ ಒಂದು ದಿನದ ಪ್ರಾಯೋಗಿಕ ಪರೀಕ್ಷೆಯ ಜೊತೆಗೆ ಹೈಸ್ಕೂಲಿನ ಮೂರು ವರ್ಷದ ಈ ಲೆಕ್ಕದ ಪುಸ್ತಕಕ್ಕೂ ತೂಕ ಕೊಡಬೇಕು. ಆಗ ಕೋಚಿಂಗಿಗೆ ದುಡ್ಡಿಲ್ಲದ ಮಗುವಿಗೆ ನ್ಯಾಯ ಸಿಗುತ್ತದೆ, ಅಂಕದ ಹಿಂದೆ ಬಿದ್ದ ತಂದೆ ತಾಯಂದಿರಿಗೂ ಹಟ್ಟಿಯ ಪಾಠದಲ್ಲಿ ಕಾರಣ ಕಾಣುತ್ತದೆ.

ಒಂದು ತರಗತಿಯ ನಲವತ್ತು ಮಕ್ಕಳಲ್ಲಿ ಎಲ್ಲರೂ ಹೈನುಗಾರರಾಗಬೇಕಿಲ್ಲ. ಇಬ್ಬರು ಮೂವರು ಆದರೆ ಒಂದು ಡೈರಿ ಉಳಿಯುತ್ತದೆ. ಒಬ್ಬಳು ಪಶುವೈದ್ಯೆಯಾಗಬಹುದು. ಬ್ಯಾಂಕಿಗೆ ಸೇರಿದವನು ರೈತನ ಸಾಲದ ಅರ್ಜಿಯನ್ನು ತಿಳಿದು ಓದುತ್ತಾನೆ. ಬೆಂಗಳೂರಿಗೆ ಹೋದವಳು ಹಾಲಿನ ಬೆಲೆ ಎರಡು ರೂಪಾಯಿ ಏರಿದಾಗ ಯಾಕೆಂದು ಬಲ್ಲವಳಾಗಿರುತ್ತಾಳೆ. ಎಲ್ಲರಿಗೂ ಹಟ್ಟಿಯ ಮೇಲೆ ಗೌರವವಿರುತ್ತದೆ.

ಇದಕ್ಕೆ ಬೆಂಗಳೂರಿನ ಆದೇಶ ಬರಲಿ ಎಂದು ಕಾಯಬೇಕಾಗಿಲ್ಲ. ಎಸ್‌ಡಿಎಂಸಿಯವರೇ, ಹಾಲು ಸಂಘದ ನಿರ್ದೇಶಕರೇ, ಹಳೆ ವಿದ್ಯಾರ್ಥಿ ಸಂಘದವರೇ, ನಿಮ್ಮ ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಿ. ಮುಂಬಯಿಯಿಂದ, ದುಬೈಯಿಂದ ಶಾಲೆಗೆ ರಂಗಮಂದಿರ, ಕಮಾನು, ಹೆಬ್ಬಾಗಿಲು ಕಟ್ಟಿಸಿಕೊಡುವವರೇ, ಒಂದು ವರ್ಷ ಆ ಹಣದಲ್ಲಿ ಹತ್ತು ಮಕ್ಕಳಿಗೆ ಹತ್ತು ಕರು ಕೊಡಿಸಿ, ಒಬ್ಬ ಒಳ್ಳೆಯ ಶಿಕ್ಷಕರಿಗೆ ತರಬೇತಿ ಕೊಡಿಸಿ. ಬರುವ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುವಾಗ ಕುಂದಾಪುರ ತಾಲೂಕಿನ ಒಂದೇ ಒಂದು ಹೈಸ್ಕೂಲಾದರೂ ಇದನ್ನು ಆರಂಭಿಸಲಿ. ಉಳಿದ ಶಾಲೆಗಳು ನೋಡಿ ಕಲಿಯುತ್ತವೆ.